ಬೇಕಂತಲೇ ಹೇಳಿದ ತಪ್ಪು

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠದ ಪಡಸಾಲೆಯಲ್ಲೊಂದು ಶಾಲೆ. ಶಾಲೆಗೆ ಒಬ್ಬರೇ ಗುರುಗಳು, ಚರಂತಯ್ಯನವರು. ಮಕ್ಕಳೂ ಊರವರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಮಕ್ಕಳು ಮೂವತ್ತೊಂಬತ್ತು ಜನ. ನಲವತ್ತನೆಯವನು ವಿರೂಪಾಕ್ಷ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಹನ್ನೊಂದರ ಹುಡುಗನಾಗಿ ಬಂದವನು ಮಠ ಬಿಟ್ಟು ಹೋಗಿರಲಿಲ್ಲ. ಅಜ್ಜಾರ ನಂತರ ಶಾಲೆ ತನ್ನದೇ ಎಂದು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ ನಡೆದಾಡುತ್ತಿದ್ದ.

ಆ ಶಾಲೆಗೆ ಅದರದೇ ಕಟ್ಟಳೆಗಳಿದ್ದವು. ಅಜ್ಜಾರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಬೇಕು. ಯಾರಾದರೂ ತಪ್ಪಿದರೆ ಸರಿಯಾದ ಮಾತು ಅಜ್ಜಾರ ಬಾಯಿಂದಲೇ ಬರಬೇಕು, ಬೇರೆ ಯಾರೂ ತಿದ್ದುವ ಹಾಗಿಲ್ಲ.

ಎಷ್ಟೇ ದೊಡ್ಡವನಾಗಲಿ, ಸಂಜೆ ಅಜ್ಜಾರ ಹತ್ತಿರ ಕೂತು ಒಂದು ಮಗ್ಗಿ ಒಪ್ಪಿಸದೆ ಊಟಕ್ಕೆ ಏಳುವ ಹಾಗೂ ಇರಲಿಲ್ಲ. ವಿರೂಪಾಕ್ಷನೂ ಒಪ್ಪಿಸುತ್ತಿದ್ದ. ಚಿಕ್ಕವನಿದ್ದಾಗ ದಿನಕ್ಕೆ ಹತ್ತು ಸಲ ತಪ್ಪಿ ಹತ್ತು ಸಲ ತಿದ್ದಿಸಿಕೊಂಡವನು, ಈಗ ತಪ್ಪುವುದನ್ನೇ ಮರೆತಿದ್ದ.

ಒಂದು ಬೆಳಿಗ್ಗೆ ಅಜ್ಜಾರು ಒಳಗಿದ್ದಾಗ ಮಕ್ಕಳು ಹನ್ನೆರಡರ ಮಗ್ಗಿ ಹೇಳುತ್ತಿದ್ದರು.

“ಹನ್ನೆರಡೈದಲೆ” ಎಂದವರು ಎಲ್ಲರೂ ಒಟ್ಟಿಗೇ ನಿಂತುಬಿಟ್ಟರು. ಮೂವತ್ತೊಂಬತ್ತು ಕೈಗಳು ಎದೆಯ ಮೇಲೆ ಹೋದವು. ಮೂವತ್ತೊಂಬತ್ತು ಮಕ್ಕಳೂ ಕಣ್ಣು ಮುಚ್ಚಿ ಒಂದು ಉಸಿರು ಎಳೆದರು. ಆಮೇಲೆ “ಅರವತ್ತು” ಅಂದರು.

ವಿರೂಪಾಕ್ಷ ಬೆಚ್ಚಿದ.

“ಏ, ಇದೇನಿದು? ಎದಿ ಮ್ಯಾಲ ಕೈ ಯಾಕ?”

ಹಿಂದಿನ ಸಾಲಿನಲ್ಲಿ ನೀಲವ್ವ ಎಂಬ ಎಂಟು ವರ್ಷದ ಹುಡುಗಿ ಇದ್ದಳು. ಮಗ್ಗಿ ಅಂದರೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಕಷ್ಟ, ಮಾತಿಗೆ ಮಾತ್ರ ಎಲ್ಲರಿಗಿಂತ ಮುಂದೆ.

“ಅಜ್ಜಾರು ಹೇಳಿದಂಗ ಹೇಳೀವ್ರಿ, ಅಣ್ಣಾರ.”

ಮರುದಿನ ವಿರೂಪಾಕ್ಷ ಗಮನವಿಟ್ಟು ನೋಡಿದ. ಹೌದು, ಅಜ್ಜಾರು ಐದಕ್ಕೆ ಬಂದು ನಿಲ್ಲುತ್ತಿದ್ದರು. ಎದೆಯ ಮೇಲೆ ಕೈ. ಕಣ್ಣು ಮುಚ್ಚಿ, ತಡೆದು, ಮತ್ತೆ ಮುಂದಕ್ಕೆ. ಮಕ್ಕಳು ಅದನ್ನೂ ಪಾಠವೆಂದೇ ತಿಳಿದು ಕಲಿತಿದ್ದವು.

ಊಟಕ್ಕೆ ಕೂತಾಗ ಅವನು ಕೇಳಿದ.

“ಅಜ್ಜಾರ, ಮಗ್ಗಿ ನಡುವ ನಿಲ್ಲತೀರಲ್ರಿ, ಯಾಕ?”

“ಥಂಡಿ,” ಅಂದರು ಅಜ್ಜಾರು.

ಅದು ಸುಡು ಬೇಸಿಗೆಯ ದಿನ.

ಹನ್ನೆರಡೈದಲೆ ಎಷ್ಟು ಎಂದು ಅಜ್ಜಾರಿಗೆ ಥಟ್ಟನೆ ನೆನಪಾಗುತ್ತಿಲ್ಲ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ವಿರೂಪಾಕ್ಷನಿಗೆ ಅನ್ನಿಸಿತು. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಬೇರೆ ಏನನ್ನೂ ನೋಡಲು ಅವನಿಗೆ ಬರಲಿಲ್ಲ. ಅನುಮಾನ ಮನೆಗೆ ಬಂದ ನೆಂಟನ ಹಾಗೆ, ಮೊದಲು ನೀರು ಕೇಳುತ್ತದೆ, ಆಮೇಲೆ ಹಾಸಿಗೆ ಕೇಳುತ್ತದೆ.

ಈಗ ಅವನಿಗೆ ಎಲ್ಲವೂ ಕಾಣತೊಡಗಿತು. ಮಧ್ಯಾಹ್ನ ಅಜ್ಜಾರು ಕೋಣೆಯ ಕದ ಹಾಕಿಕೊಳ್ಳುತ್ತಿದ್ದರು. ಅಡುಗೆಯ ಗಂಗವ್ವ ಮುಚ್ಚಿದ ಬಟ್ಟಲೊಂದನ್ನು ಒಳಗೆ ಒಯ್ದು, ಬರಿಗೈಲಿ ಹೊರಗೆ ಬರುತ್ತಿದ್ದಳು.

“ಬಟ್ಟಲದಾಗ ಏನೈತಿ ಗಂಗವ್ವಾ?”

“ಬಿಸಿನೀರು.”

“ಮೂರು ತಾಸು ಬಿಸಿನೀರು ಕುಡೀತಾರೇನು?”

“ಕುಡೀತಾರ. ನಿನಗ ಬೇಕಾದ್ರ ನಿನಗೂ ಕೊಡತೇನಿ, ಕುಡಿ.”

ಅವನು ಕದದ ಹೊರಗೆ ನಿಂತು ಕಿವಿಗೊಟ್ಟ. ಒಳಗೆ ಸದ್ದಿಲ್ಲ. ಸದ್ದಿಲ್ಲದ್ದೇ ಅವನಿಗೆ ಇನ್ನೂ ಹೆಚ್ಚು ಅನುಮಾನ ತಂದಿತು.

ಒಂದು ವಾರದ ಮೇಲೆ ದೋಣಿಯಲ್ಲಿ ಒಬ್ಬ ಅಪರಿಚಿತ ಬಂದಿಳಿದ. ಬಿಳಿ ರುಮಾಲು, ಹೆಗಲಿಗೆ ಚೀಲ, ತಿಳಿವಳಿಕಸ್ಥನ ಗಾಂಭೀರ್ಯ. ಅವನು ನೇರವಾಗಿ ಅಜ್ಜಾರ ಕೋಣೆಗೆ ಹೋದ. ಕದ ಮುಚ್ಚಿತು. ಹೊರಗೆ ಬಂದು ಹೋಗುವಾಗ ಪಡಸಾಲೆಯಲ್ಲಿ ನಿಂತು ಮಕ್ಕಳನ್ನೆಲ್ಲ ಒಂದು ಸುತ್ತು ನೋಡಿದ.

“ಯಾರ್ರಿ ಅವರು?” ಎಂದು ವಿರೂಪಾಕ್ಷ ಕೇಳಿದ.

“ಬ್ಯಾರೆ ಊರಿನವ್ರು,” ಅಂದರು ಅಜ್ಜಾರು.

ಬಂದವನು ಯಾರೆಂದು ವಿರೂಪಾಕ್ಷ ತಾನೇ ತೀರ್ಮಾನಿಸಿಬಿಟ್ಟ. ಹೊಸ ಮಾಸ್ತರ! ಮರೆವು ಹತ್ತಿದ ಅಜ್ಜಾರು ಶಾಲೆಯನ್ನು ಹೊರಗಿನವನಿಗೆ ಒಪ್ಪಿಸಿಕೊಡುತ್ತಿದ್ದಾರೆ. ಹದಿಮೂರು ವರ್ಷ ಕಸ ಗುಡಿಸಿದವನಿಗೆ ಒಂದು ಮಾತನ್ನೂ ಹೇಳದೆ.

ಆ ಸಂಜೆ ಅವನು ಒಂದು ಕೆಲಸ ಮಾಡಿದ. ಯೋಚಿಸಿದರೆ ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ.

ಅಜ್ಜಾರ ಹತ್ತಿರ ಕೂತು ಹದಿಮೂರರ ಮಗ್ಗಿ ಒಪ್ಪಿಸಿದ. ಏಳಕ್ಕೆ ಬಂದಾಗ ದನಿ ನಡುಗದ ಹಾಗೆ ನೋಡಿಕೊಂಡು ಹೇಳಿದ.

“ಹದಿಮೂರೇಳಲೆ ತೊಂಬತ್ತೆರಡು.”

ಅಜ್ಜಾರು ಅವನ ಮುಖ ನೋಡಿದರು. ಏನೂ ಅನ್ನಲಿಲ್ಲ.

ಅವನು ಹತ್ತರವರೆಗೂ ಹೇಳಿ ಮುಗಿಸಿ, ಸ್ವಲ್ಪ ಹೊತ್ತು ಕಾದ. ಅಜ್ಜಾರು ಮುಂದಿನವರು ಬರಲಿ ಎಂದು ಕೈ ಮಾಡಿದರು. ನೀಲವ್ವ ಬಂದು ಕೂತಳು. ಅವಳು ಮೂರು ಕಡೆ ತಪ್ಪಿದಳು. ಮೂರು ಕಡೆಯೂ ಅಜ್ಜಾರು ತಿದ್ದಿದರು, ಒಂದೊಂದಕ್ಕೂ ಹಣೆಯ ಮೇಲೆ ಬೆವರು ಬರುವಷ್ಟು ಹೊತ್ತು ತೆಗೆದುಕೊಂಡು.

ವಿರೂಪಾಕ್ಷ ಅಂದು ಊಟ ಮಾಡಲಿಲ್ಲ. ಮರೆವು ಖಚಿತವಾಯಿತು ಎಂಬ ಗೆಲುವು ಒಂದು ಕಡೆ. ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ನೋವು. ಸಣ್ಣ ಮಕ್ಕಳ ಮಗ್ಗಿ ನೆನಪಿದ್ದು ತನ್ನದು ಮಾತ್ರ ಯಾಕೆ ಮರೆಯಿತು? ಅಜ್ಜಾರು ತನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುವುದನ್ನೇ ಬಿಟ್ಟರೋ? ತಾನು ಶಿಷ್ಯನ ಲೆಕ್ಕದಲ್ಲೇ ಇಲ್ಲವೋ?

ಮರೆವಾದರೆ ತಾಳಬಹುದಿತ್ತು. ಈ ಎರಡನೆಯ ಮಾತನ್ನು ತಾಳಲು ಅವನಿಂದ ಆಗಲಿಲ್ಲ.

ಮರುದಿನ ನದಿ ದಾಟಿ ಅಂದಾನೆಪ್ಪ ಗೌಡರ ಮನೆಗೆ ಹೋದ. ಶಾಲೆಗೆ ಜೋಳ ಕಳಿಸುವ ಮೂರು ಊರಿಗೂ ಅವರೇ ಹಿರಿಯರು.

“ಅಜ್ಜಾರಿಗೆ ಮರೆವು ಹತ್ತೇತ್ರಿ. ತಪ್ಪ ಹೇಳಿದ್ರ ಗೊತ್ತಾಗವಲ್ದು.”

“ಗುರುಗಳ ಬಗ್ಗೆ ಹಂಗ ಮಾತಾಡಬಾರದೋ.”

“ನೀವ ಬಂದು ನೋಡ್ರಿ.”

ಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಅಜ್ಜಾರು ತಮ್ಮ ಕಂಬಳಿಯ ಮೇಲೆ ಕೂತು, ಬಂದವರಿಗೆ ಕೈ ಮುಗಿದರು. ಯಾಕೆ ಬಂದಿರಿ ಎಂದು ಕೇಳಲೇ ಇಲ್ಲ. ಅದೂ ಹಿರಿಯರಿಗೆ ವಿಚಿತ್ರವಾಗಿ ಕಂಡಿತು.

ಮೊದಲು ಮಕ್ಕಳು ಮಗ್ಗಿ ಹೇಳಿದವು. ಐದಕ್ಕೆ ಬಂದು, ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದವು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದ್ಯಾವ ಪಂಥ ಅಜ್ಜಾರ?” ಎಂದರು ಗೌಡರು.

ಅಜ್ಜಾರು ಮಕ್ಕಳನ್ನು ನೋಡಿದರು. ತಾವು ಕಣ್ಣು ಮುಚ್ಚಿದಾಗಲೇ ಅವೂ ಮುಚ್ಚುತ್ತಿದ್ದುದರಿಂದ ಅವರಿಗೂ ಅದು ಅಂದೇ ಗೊತ್ತಾದದ್ದು. ಅವರ ತುಟಿಯಲ್ಲಿ ಸಣ್ಣ ನಗು ಬಂತು, ಹಾಗೆಯೇ ಕಣ್ಣು ತುಂಬಿತು.

ವಿರೂಪಾಕ್ಷ ಮುಂದೆ ಬಂದು ಕೂತ. ಮುಕ್ಕಾಲು ಮಗ್ಗಿ ಶುರು ಮಾಡಿದ. ನಾಲ್ಕರ ಮುಕ್ಕಾಲು ಮೂರು. ಎಂಟರ ಮುಕ್ಕಾಲು ಆರು.

“ಹನ್ನೆರಡರ ಮುಕ್ಕಾಲು ಎಂಟು.”

ಗೌಡರು ಜೋಳ ಅಳೆದು ಬದುಕಿದವರು. ಅವರ ಹುಬ್ಬು ಮೇಲೇರಿತು. ಮಕ್ಕಳು ಪಿಳಿಪಿಳಿ ನೋಡಿದವು, ಆದರೆ ತಿದ್ದುವ ಹಕ್ಕು ಅವುಗಳಿಗಿರಲಿಲ್ಲ. ಎಲ್ಲರ ಕಣ್ಣೂ ಅಜ್ಜಾರ ಮೇಲೆ.

ಅಜ್ಜಾರು ಸುಮ್ಮನಿದ್ದರು.

“ಅಜ್ಜಾರ, ಹುಡುಗ ತಪ್ಪ ಹೇಳಿದ್ನಲ್ರಿ. ಗೊತ್ತಾಗಲಿಲ್ಲೇನು?”

ಅಜ್ಜಾರು ನೀಲವ್ವನ ಕಡೆ ಕೈ ಮಾಡಿದರು.

ಅವಳು ಎದ್ದು ನಿಂತು ಹದಿನಾಲ್ಕರ ಮಗ್ಗಿ ಹೇಳಿದಳು. ಆರಕ್ಕೆ ಬಂದಾಗ “ಎಂಬತ್ತೆರಡು” ಎಂದು ಬಿಟ್ಟಳು.

“ಎಂಬತ್ನಾಕು,” ಅಂದರು ಅಜ್ಜಾರು.

ಅವಳಿಗೆ ಗಾಬರಿಯಲ್ಲಿ ಕೇಳಿಸಲಿಲ್ಲ. ಮತ್ತೆ ಎಂಬತ್ತೆರಡು ಎಂದಳು.

“ಎಂಬತ್ನಾಕವಾ. ಗಾಬರಿ ಆಗಬ್ಯಾಡ. ಎಂಬತ್ನಾಕು.”

ಅಷ್ಟು ಹೇಳಿದವರು ಮುಂದಕ್ಕೆ ಬಾಗಿದರು. ಬಾಯಿ ತೆರೆದಿದೆ, ಉಸಿರು ಬರುತ್ತಿಲ್ಲ. ಕೊರಳಿನ ನರ ಉಬ್ಬಿದವು. ಮಕ್ಕಳು ಇದೂ ಪಾಠವೇನೋ ಎಂದು ಒಂದು ಗಳಿಗೆ ನೋಡಿದವು, ಆಮೇಲೆ ಅಳತೊಡಗಿದವು.

ಗಂಗವ್ವ ಒಳಗಿನಿಂದ ಹೊಗೆಯಾಡುವ ಬಟ್ಟಲು ಹಿಡಿದು ಓಡಿ ಬಂದಳು. ಅಜ್ಜಾರ ಮುಖಕ್ಕೆ ಅದರ ಹಬೆ ಹಿಡಿದು, ಬೆನ್ನು ತಿಕ್ಕುತ್ತ, ತಿರುಗಿ ಹಿರಿಯರನ್ನು ತರಾಟೆಗೆ ತೆಗೆದುಕೊಂಡಳು.

“ಪರೀಕ್ಷಾ ಮಾಡಾಕ ಬಂದೀರೇನು? ಮಾಡ್ರಿ, ಛಲೋ ಮಾಡ್ರಿ! ಎದಿಯೊಳಗ ಗಡ್ಡಿ ಬೆಳದೈತ್ರಿ ಇವರಿಗೆ. ದೋಣ್ಯಾಗ ಬಂದಿದ್ದ ವೈದ್ಯರು ನೋಡಿ, ಮಾತು ಪೂರಾ ಬಿಡ್ರಿ ಅಂದ್ರು. ಬಿಟ್ರ ಒಂದ್ ವರ್ಷ, ಬಿಡದಿದ್ರ ನನ್ನ ಕೇಳಬ್ಯಾಡ್ರಿ ಅಂದ್ರು. ಇವರು ಕೇಳಬೇಕಲ್ಲ!”

“ಅಂಟು ಜಡ್ಡೇನವಾ?” ಎಂದು ಗೌಡರು ಮಕ್ಕಳ ಕಡೆ ನೋಡುತ್ತ ಕೇಳಿದರು.

“ಅದನ್ನ ಮೊದಲ ಕೇಳಿದ್ರು ಅಜ್ಜಾರು. ಅಲ್ಲ ಅಂದ ಮ್ಯಾಲ ಶಾಲಿ ನಡಿಸ್ಯಾರ. ದಿನಕ್ಕ ಇಷ್ಟ ಮಾತು ಅಂತ ಇಟಗೊಂಡು, ಅಷ್ಟನ್ನೂ ಈ ಹುಡುಗೂರಿಗೆ ಹಂಚತಾರ. ನನಗ ‘ಅನ್ನ ಹಾಕು’ ಅನ್ನೂದನ್ನೂ ಬಿಟ್ಟಾರ. ಕೈ ಮಾಡಿ ತೋರಸ್ತಾರ.”

ಗೌಡರು ಎದ್ದು ನಿಂತರು. ಹಾಸಿದ ಜಮಖಾನೆಯನ್ನು ತಾವೇ ಮಡಚಿದರು. ವಿರೂಪಾಕ್ಷನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

“ಹನ್ನೆರಡರ ಮುಕ್ಕಾಲು ಎಷ್ಟು ಅನ್ನೂದು ನಿನಗ ಗೊತ್ತಿತ್ತಲ್ಲ?”

ವಿರೂಪಾಕ್ಷ ತಲೆ ತಗ್ಗಿಸಿದ. ಹಿರಿಯರು ದೋಣಿ ಹತ್ತಿ ಹೋದರು.

ಮಧ್ಯಾಹ್ನ ಅಜ್ಜಾರು ಚೇತರಿಸಿಕೊಂಡು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ವಿರೂಪಾಕ್ಷ ಎರಡು ಮೆಟ್ಟಿಲು ಕೆಳಗೆ ಕೂತ. ಮುಖ ತೋರಿಸಲು ಅವನಿಗೆ ನಾಚಿಕೆಯಾಗುತ್ತಿತ್ತು.

“ಅಜ್ಜಾರ, ನಾ ಬೇಕಂತನ ತಪ್ಪ ಹೇಳಿದೆ.”

“ಗೊತ್ತೈತಿ.”

“ಇವತ್ತ ಅಷ್ಟ ಅಲ್ರಿ. ಅವತ್ತ ಸಂಜಿಮುಂದನೂ.”

“ತೊಂಬತ್ತೆರಡು ಅಂದಿ.”

ವಿರೂಪಾಕ್ಷ ಥಟ್ಟನೆ ತಿರುಗಿ ಅವರ ಮುಖ ನೋಡಿದ. ಕೇಳಿಸಿತ್ತು. ನೆನಪೂ ಇತ್ತು.

“ಮತ್ತ ಯಾಕ ತಿದ್ದಲಿಲ್ರಿ?”

ಅಜ್ಜಾರು ಉಸಿರು ಕೂಡಿಸಿಕೊಳ್ಳುವವರೆಗೆ ನೀರಿನ ಸದ್ದು ಕೇಳುತ್ತಿತ್ತು.

“ಗೊತ್ತಿದ್ದವಗ ಏನ್ ತಿದ್ದೂದು? ಗೊತ್ತಿಲ್ಲದವರು ಹಿಂದ ಕುಂತಿದ್ರು.”

ಅವನು ಅತ್ತ. ಅತ್ತ ಮೇಲೂ ಅವನಲ್ಲಿ ಒಂದು ಮುಳ್ಳು ಉಳಿದೇ ಇತ್ತು.

“ಜಡ್ಡು ಐತಿ ಅಂತ ನನಗರೆ ಹೇಳಬಾರದಿತ್ತೇನ್ರಿ?”

“ಥಂಡಿ ಅಂದೆ. ನೀ ನಂಬಲಿಲ್ಲ. ಹತ್ತಿರ ಬಂದು ಮತ್ತೊಮ್ಮೆ ಕೇಳಲೂ ಇಲ್ಲ. ಕದದ ಹೊರಗ ನಿಂತಿ.”

“ನೀವೂ ನನ್ನ ನಂಬಲಿಲ್ಲಲ್ರಿ.”

ಅಜ್ಜಾರು ಅವನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಹೌದು ಎನ್ನುವುದೂ ಇರಲಿಲ್ಲ, ಅಲ್ಲ ಎನ್ನುವುದೂ ಇರಲಿಲ್ಲ. ದಣಿವು ಮಾತ್ರ ಇತ್ತು.

“ಇನ್ನೊಂದ ಕೇಳತೇನಿ, ಅದಕ್ಕಷ್ಟ ಹೇಳ್ರಿ. ಇನ್ನ ಮ್ಯಾಲ ನನ್ನ ಶಿಷ್ಯ ಅಂತ ಇಟಗೋತೀರೋ, ಇಲ್ಲೋ?”

ಅಜ್ಜಾರು ಮೆಟ್ಟಿಲ ಅಂಚು ಹಿಡಿದು ಎದ್ದರು. ಒಂದೊಂದೇ ಮೆಟ್ಟಿಲು ಹತ್ತಿ, ತಿರುಗಿ ನೋಡದೆ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ತಮ್ಮ ಕಂಬಳಿಯ ಮೇಲೆ ಕೂರಲಿಲ್ಲ. ಮಕ್ಕಳ ಸಾಲಿನ ಕೊನೆಗೆ ಹೋಗಿ ಗೋಡೆಗೆ ಒರಗಿ ಕೂತರು. ವಿರೂಪಾಕ್ಷನಿಗೆ ಕಂಬಳಿಯನ್ನು ತೋರಿಸಿದರು.

ಅವನು ಬಯಸಿದ ಜಾಗ ಅದು. ಈಗ ಅದರ ಅಂಚಿಗಷ್ಟೇ ಕೂತ.

ಪಾಠ ನಡೆಯಿತು. ಅಂದಿನಿಂದ ಅಜ್ಜಾರು ಮಾತು ಪೂರಾ ಬಿಟ್ಟರು. ವಿರೂಪಾಕ್ಷನ ಪಾಠದಲ್ಲಿ ಒಂದು ಅಕ್ಷರ ಕೂಡ ತಪ್ಪುತ್ತಿರಲಿಲ್ಲ. ಸಂಜೆ ಮಕ್ಕಳು ಅವನಿಗೆ ಮಗ್ಗಿ ಒಪ್ಪಿಸುತ್ತಿದ್ದವು. ಎಲ್ಲ ಮುಗಿದ ಮೇಲೆ ಅವನು ಅಜ್ಜಾರ ಹತ್ತಿರ ಕೂತು ತನ್ನದನ್ನು ಒಪ್ಪಿಸುತ್ತಿದ್ದ. ಅವರು ಕೇಳುತ್ತಿದ್ದರು. ತಲೆ ಆಡಿಸುವುದೂ ಇಲ್ಲ.

ಹಳೆಯ ಅನುಮಾನ ಹೋಗಿತ್ತು. ಹೊಸದು ಬಂದಿತ್ತು. ಇದು ಜಡ್ಡಿನ ಮೌನವೋ, ಸಿಟ್ಟಿನ ಮೌನವೋ? ಶಾಲೆ ಕೊಟ್ಟು ತನ್ನನ್ನು ಬಿಟ್ಟುಬಿಟ್ಟರೋ?

ಅವನು ಅಡುಗೆಮನೆಗೆ ಹೋಗಿ ಗಂಗವ್ವನ ಮುಂದೆ ಕೂತ.

“ಅಜ್ಜಾರು ನನ್ನ ಮ್ಯಾಲ ಸಿಟ್ಟಾಗ್ಯಾರೇನು?”

“ನನಗೇನ್ ಗೊತ್ತು.”

“ನಿನಗ ಎಲ್ಲಾ ಗೊತ್ತಿರತೈತಿ. ಹೇಳಂಗಿಲ್ಲಷ್ಟ.”

ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಮಾತಾಡಿದ್ರ ಮರೆವು ಅಂದಿ. ಮಾತಾಡದಿದ್ರ ಸಿಟ್ಟು ಅಂತಿ. ಅವರು ಉಸಿರಾಡೂದರೆ ನಿನಗ ಒಪ್ಪಿಗಿ ಐತೋ ಇಲ್ಲೋ?”

ವೈದ್ಯರು ಮತ್ತೆ ಬಂದರು. ಈ ಸಲ ವಿರೂಪಾಕ್ಷನೇ ಅವರ ಚೀಲ ಹಿಡಿದುಕೊಂಡು ದೋಣಿಯವರೆಗೂ ಹೋದ.

“ಹಿಂಗ ಮಾತಿಲ್ದ ಇದ್ರ ಮಳಿಗಾಲ ದಾಟ್ಯಾರು,” ಅಂದರು ವೈದ್ಯರು. “ಒಂದೊಂದ ಮಾತೂ ಇನ್ನ ಭಾಳ ತುಟ್ಟಿ ಅವರಿಗೆ. ಮಾತಾಡಸಬ್ಯಾಡ್ರಿ.”

ಅಂದಿನಿಂದ ವಿರೂಪಾಕ್ಷ ಕಾವಲುಗಾರನಾದ. ಅಜ್ಜಾರನ್ನು ಏನೂ ಕೇಳಬೇಡಿ ಎಂದು ಮಕ್ಕಳಿಗೆ ತಾಕೀತು ಮಾಡಿದ. ಕಾಣಲು ಬಂದವರನ್ನು ಬಾಗಿಲಲ್ಲೇ ತಡೆದು ಕಳಿಸಿದ. ಎದೆಯ ಮೇಲೆ ಕೈಯಿಡುವುದನ್ನು ಮಾತ್ರ ಮಕ್ಕಳು ಬಿಡಲಿಲ್ಲ, ಅವನೂ ಬಿಡಿಸಲಿಲ್ಲ.

ಅವರು ಮಾತಾಡಬಾರದು ಎಂದು ಹಗಲೆಲ್ಲ ಬೇಡಿಕೊಳ್ಳುತ್ತಿದ್ದ. ಸಂಜೆ ಮಗ್ಗಿ ಒಪ್ಪಿಸುವಾಗ ಮಾತ್ರ ಅವರ ತುಟಿಯನ್ನೇ ನೋಡುತ್ತಿದ್ದ. ಮನುಷ್ಯನ ಮನಸ್ಸು ಎಷ್ಟು ಕೆಟ್ಟದ್ದು, ಎಷ್ಟು ಪಾಪದ್ದು.

ಮಾತು ಬಿಟ್ಟ ಹನ್ನೊಂದನೆಯ ದಿನ ಅಜ್ಜಾರಿಗೆ ಕೂರಲು ಆಗಲಿಲ್ಲ. ಗಂಗವ್ವನೂ ವಿರೂಪಾಕ್ಷನೂ ಸೇರಿ ಅವರನ್ನು ಚಾಪೆಯ ಸಮೇತ ಎತ್ತಿ ತಂದು ಸಾಲಿನ ಕೊನೆಯಲ್ಲಿ ಮಲಗಿಸಿದರು. ಮೈಯಲ್ಲಿ ತೂಕವೇ ಇರಲಿಲ್ಲ.

ವಿರೂಪಾಕ್ಷ ಕಂಬಳಿಯ ಮೇಲೆ ಕೂತು ಹದಿನೇಳರ ಮಗ್ಗಿ ಹಿಡಿದ. ಅವನ ಬಾಯಿ ಮಗ್ಗಿ ಹೇಳುತ್ತಿತ್ತು, ಕಣ್ಣು ಚಾಪೆಯ ಮೇಲಿತ್ತು. ಪಕ್ಕೆಲುಬು ಏಳುತ್ತಿದೆಯೇ? ಎದ್ದಿತು. ಇಳಿಯಿತು. ಮತ್ತೆ ಏಳುತ್ತದೆಯೇ?

“ಹದಿನೇಳೇಳಲೆ ನೂರಾ ಹತ್ತೊಂಬತ್ತು.”

ಮಕ್ಕಳು ಹೇಳಿದವು.

ಎದ್ದಿತು. ಅವನಿಗೆ ಜೀವ ಬಂತು.

“ಹದಿನೇಳೆಂಟಲೆ ನೂರಾ ಇಪ್ಪತ್ತಾರು.”

ತಪ್ಪಿದೆನೆಂದು ಅವನಿಗೆ ಗೊತ್ತೇ ಆಗಲಿಲ್ಲ. ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದವು. ನೀಲವ್ವ ಮಾತ್ರ ಬಾಯಿ ತೆರೆದು, ಅನುಮಾನದಿಂದ ಅವನನ್ನು ನೋಡಿ, ಮುಚ್ಚಿಕೊಂಡಳು.

ಅವನು ಒಂಬತ್ತಕ್ಕೆ ಹೋಗುವಷ್ಟರಲ್ಲಿ ಚಾಪೆಯ ಮೇಲೆ ಅಲುಗಾಟ ಕಂಡಿತು. ಅಜ್ಜಾರು ಒಂದು ಮೊಣಕೈ ಊರಿ ಏಳಲು ನೋಡುತ್ತಿದ್ದರು. ಗಂಗವ್ವ ಅವರ ಹೆಗಲು ಹಿಡಿದಳು.

“ಬ್ಯಾಡ್ರಿ ಅಜ್ಜಾರ. ನಿಮ್ಮ ಕಾಲಿಗೆ ಬೀಳತೇನಿ, ಬ್ಯಾಡ್ರಿ.”

ಅವರು ಅವಳ ಕೈಯನ್ನು ಮೆಲ್ಲಗೆ ಸರಿಸಿದರು. ಒಂದು ಉಸಿರು ಎಳೆದರು. ಸಾಲಲಿಲ್ಲ. ಇನ್ನೊಂದು ಎಳೆದರು. ಪಡಸಾಲೆಯ ಮಕ್ಕಳೆಲ್ಲ ಅವರ ಕಡೆ ತಿರುಗಿದವು. ಕಂಬಳಿಯ ಮೇಲಿದ್ದ ವಿರೂಪಾಕ್ಷ ಹನ್ನೊಂದು ವರ್ಷದ ಹುಡುಗನಂತೆ ಎದ್ದು ನಿಂತ.

“ನೂರಾ ಮೂವತ್ತಾರೋ, ತಮ್ಮಾ.”